ಕಂಡವಳ ಕಾರ್ಡು

ಛಾಂಗ್ ಆ ಕಾರ್ಡನ್ನು ಮೊದಲು ಅಕ್ಕಿ ಡಬ್ಬಿಯೊಳಗೆ ತುರುಕಿದ. ಅಕ್ಕಿ ತೆಗೆಯುವವಳು ಹೆಂಡತಿ ಎಂಬುದು ಮುಚ್ಚಳ ಹಾಕಿದ ಮೇಲೆ ನೆನಪಾಯಿತು. ಹೊರಗೆಳೆದು ಬಲಗಾಲಿನ ಕಾಲುಚೀಲದೊಳಗೆ ಇಳಿಸಿಕೊಂಡ. ಕಳ್ಳತನಕ್ಕೂ ತಲೆ ಬೇಕು. ತನಗಿರುವುದು ಟೋಪಿ ಇಡುವುದಕ್ಕೆ ಮಾತ್ರ ಎಂದು ಅವನಿಗೆ ಎಂದೋ ಗೊತ್ತಾಗಿತ್ತು.

“ಅಂಚೆಯವನು ಏನಾದ್ರೂ ಕೊಟ್ನಾ?” ತುಕ್ತಾ ಅಡುಗೆಮನೆಯಿಂದ ಇಣುಕಿದಳು. ಹಸಿ ಪಪ್ಪಾಯ ಕುಟ್ಟುತ್ತಿದ್ದ ಕುಟ್ಟಾಣಿ ಕೈಯಲ್ಲೇ ಇತ್ತು.

“ಹೊಸ ಬ್ಯಾಂಕಿನಿಂದ ನನ್ನ ಕಾರ್ಡು ಬಂತು.”

“ಅಷ್ಟೇನಾ?”

“ಅಷ್ಟೇ. ಇನ್ನೇನು ಬರ್ಬೇಕಿತ್ತು?”

“ಏನಿಲ್ಲ ಬಿಡು. ನಿನಗೆ ಹೇಳೋದೂ ಒಂದೇ, ಈ ಒರಳಿಗೆ ಹೇಳೋದೂ ಒಂದೇ.” ಒಳಗೆ ಮೆಣಸಿನಕಾಯಿಗೆ ಸ್ವಲ್ಪ ಜೋರಾಗಿಯೇ ಏಟು ಬಿತ್ತು.

ಹಳೆಯ ವಿದೇಶಿ ಬ್ಯಾಂಕು ಥಾಯ್ಲೆಂಡಿನಿಂದ ಗಂಟುಮೂಟೆ ಕಟ್ಟಿತ್ತು. ಹೋಗುವಾಗ ತನ್ನ ಕಾರ್ಡಿನ ಗಿರಾಕಿಗಳನ್ನೆಲ್ಲ ಇನ್ನೊಂದು ಬ್ಯಾಂಕಿಗೆ ಮಾರಿತ್ತು, ಎಮ್ಮೆಯ ಜೊತೆ ಹಗ್ಗವನ್ನೂ ಕೊಟ್ಟಂತೆ. ಖಾತೆಯಲ್ಲಿ ಇದ್ದದ್ದೆಲ್ಲ ಇದ್ದ ಹಾಗೇ ಬರುತ್ತದೆ, ಕಾರ್ಡಿನ ಬಣ್ಣ ಮಾತ್ರ ಬೇರೆ ಎಂದು ಹೊಸ ಬ್ಯಾಂಕು ಸಾರಿತ್ತು. ಬಂತು. ಲಕೋಟೆಯಲ್ಲಿ ಎರಡು ಕಾರ್ಡು. ಒಂದು ಅವನದು. ಇನ್ನೊಂದು ಅವನದೇ ಖಾತೆಗೆ ಅಂಟಿಕೊಂಡ ಜೋಡಿ ಕಾರ್ಡು. ಹೆಸರು ನತ್ತನಿಚಾ. ಕುಲನಾಮ ಉದ್ದವಾಗಿ, ಕಾರ್ಡಿನಲ್ಲಿ ಹಿಡಿಸದೆ, ಬರಿಯ ಒಂದು ಅಕ್ಷರ ಉಳಿದಿತ್ತು.

ಬ್ಯಾಂಕಿಗೆ ಫೋನು ಮಾಡಿದ. “ಹಳೇ ಬ್ಯಾಂಕಿನಲ್ಲೇ ಈ ಜೋಡಿ ಕಾರ್ಡು ಇತ್ತು ಸರ್. ಅರ್ಜಿಗೆ ನೀವೇ ಸಹಿ ಹಾಕಿದ್ದೀರಿ,” ಎಂದಿತು ಆ ಕಡೆಯ ಇಂಪಾದ ಧ್ವನಿ.

ಸಹಿ! ಟಿವಿಯಲ್ಲಿ ಬಾಕ್ಸಿಂಗ್ ನಡೆಯುವಾಗ ವಿಮೆಯವನು, ಹೆಂಡತಿ, ಕೊರಿಯರ್ ಹುಡುಗ, ಯಾರು ಏನು ಮುಂದಿಟ್ಟರೂ ನೋಡದೆ ಗೀಚುವ ಕೈ ಅವನದು. ಕುಡಿದಾಗಂತೂ ಆ ಕೈಗೆ ಯಜಮಾನನೇ ಇಲ್ಲ. ಕುಡಿದದ್ದು ಎಂದೊಡನೆ ಅವಳು ನೆನಪಾದಳು. ಮಿಂಟ್! ಬಾರಿನಲ್ಲಿ ಹಾಡುವ ಹುಡುಗಿ. ಹಾಡು ಮೆಚ್ಚಿದವರು ದುಡ್ಡು ಕೊಟ್ಟು ಹಾಕುವ ಹೂಮಾಲೆಯನ್ನು ಅವಳ ಕೊರಳಿಗೆ ಒಂದರ ಮೇಲೊಂದು ಹಾಕಿದ್ದ. “ಎಷ್ಟು ಚೆಂದ ಇದ್ದೀರಿ” ಎಂದಿದ್ದಳು. ಕನ್ನಡಕದ ಅಂಗಡಿ ಇಟ್ಟವನಾದರೂ ಅದನ್ನು ನಂಬಿದ್ದ. ಆಮೇಲೆ ಏನೇನಕ್ಕೆ ಸಹಿ ಹಾಕಿದನೋ ನೆನಪಿಲ್ಲ. ಹೂಮಾಲೆಯ ಸುದ್ದಿ ಮನೆ ಮುಟ್ಟಿದ ದಿನ ತುಕ್ತಾ ಚೀಲ ಕಟ್ಟಿ ಬಾಗಿಲಲ್ಲಿಟ್ಟಿದ್ದಳು: “ಇನ್ನೊಂದು ಸಲ ಇನ್ನೊಬ್ಬಳ ಹೆಸರು ಕಿವಿಗೆ ಬಿತ್ತೋ, ಅಮ್ಮನ ಮನೆಗೆ ಹೋದವಳು ವಾಪಸ್ ಬರಲ್ಲ.”

ಗೆಳೆಯ ಉವಾನ್ ನೂಡಲ್ಸ್ ಅಂಗಡಿಯಲ್ಲಿ ಸಿಕ್ಕಿದ.

“ಲೋ, ಆ ಮಿಂಟ್‌ಳ ನಿಜವಾದ ಹೆಸರೇನೋ?”

“ಈ ಊರಲ್ಲಿ ಯಾರಿಗೆ ಯಾರ ಹೆಸರು ಗೊತ್ತು? ಛಾಂಗ್ ಅಂದ್ರೆ ಆನೆ, ಉವಾನ್ ಅಂದ್ರೆ ಡುಮ್ಮ, ಈ ಅಡ್ಡಹೆಸರಲ್ಲೇ ಸಾಯ್ತೀವಿ. ನನ್ನ ಹೆಸರೇ ನಿನಗೆ ಗೊತ್ತಿಲ್ಲ.”

“ಗೊತ್ತಿದೆ. ಪ್ರಸೋಮ್.”

“ಅದು ಹಳೇದು. ಆ ಅಕ್ಷರ ಆಗಿಬರಲ್ಲ ಅಂದ್ರು ಭಿಕ್ಷುಗಳು. ಈಗ ಥನಾಕೊನ್. ಅರ್ಧ ಬೀದಿಯೇ ಹೋಗಿ ಹೆಸರು ಬದಲಾಯಿಸ್ಕೊಂಡು ಬಂತು. ನೀನು ಮಾತ್ರ ಟಿವಿ ಮುಂದೆ ಬಾಯಿ ಬಿಟ್ಕೊಂಡು ಕೂತಿದ್ದೆ.”

ಛಾಂಗ್ ಮೆಲ್ಲಗೆ ಕಾಲುಚೀಲ ಸರಿಸಿ ತೋರಿಸಿದ. ಉವಾನ್‌ಗೆ ನೂಡಲ್ಸ್ ನೆತ್ತಿಗೇರಿತು.

“ಹೆಂಡತಿಗೆ ಹೇಳಿಬಿಡೋ.”

“ಅವಳ ಕುಟ್ಟಾಣಿ ನೋಡಿದ್ದೀಯಾ ನೀನು?”

ಮಾರನೆಯ ಬೆಳಿಗ್ಗೆ “ಪೇಟೆಗೆ ಹೋಗ್ಬರ್ತೀನಿ” ಎಂದ. “ಹೋಗು, ನನಗೂ ಹೊರಗೆ ಕೆಲಸ ಇದೆ,” ಎಂದಳು ತುಕ್ತಾ, ಮುಖ ನೋಡದೆ. ಮುಖ ನೋಡದಿದ್ದದ್ದು ಪುಣ್ಯ. ನೋಡಿದ್ದರೆ ಅಲ್ಲೇ ಎಲ್ಲ ಬರೆದಿರುತ್ತಿತ್ತು.

ಬ್ಯಾಂಕಿನ ಹುಡುಗಿ ಕೈಮುಗಿದಳು. “ಏನಾಗ್ಬೇಕಿತ್ತು ದೊಡ್ಡಪ್ಪಾ?”

ಕೂದಲಿಗೆ ಬಣ್ಣ ಹಚ್ಚಿದ್ದು ದಂಡ ಎಂದುಕೊಳ್ಳುತ್ತ ಅವನು ಬಗ್ಗಿ ಕಾಲುಚೀಲದಿಂದ ಕಾರ್ಡು ತೆಗೆದ. ಹುಡುಗಿ ಅದನ್ನು ಎರಡು ಬೆರಳ ತುದಿಯಲ್ಲಿ ಹಿಡಿದಳು.

“ಇದು ರದ್ದಾಗ್ಬೇಕು. ಈಗಲೇ.”

“ಇವರು ನಿಮಗೆ ಏನಾಗ್ಬೇಕು?”

“ಏನೂ ಆಗ್ಬೇಕಾಗಿಲ್ಲ.”

ಅವಳು ಪರದೆ ನೋಡಿದಳು. “ಆದ್ರೆ ಇಲ್ಲಿ...”

“ಅಲ್ಲೇನು ಬರೆದಿದ್ರೂ ಸುಳ್ಳು ಮಗಳೇ! ನಾನು ಪಾಪದವನು. ನನ್ನ ಮೈಮೇಲೆ ಎಚ್ಚರ ಇಲ್ಲದಾಗ ಸಹಿ ಹಾಕಿಸ್ಕೊಂಡಿದ್ದಾಳೆ.”

“ಅವರಿಗೆ ಒಂದು ಮಾತು ತಿಳಿಸೋದಾ?”

“ಬೇಡವೇ ಬೇಡ. ಅವಳ ದನಿ ಕೇಳೋದೂ ಬೇಡ ನನಗೆ.”

ಹುಡುಗಿ ಯಾಕೋ ನಿಟ್ಟುಸಿರು ಬಿಟ್ಟು ಕತ್ತರಿ ಕೊಟ್ಟಳು. ಅವನೇ ಕೈಯಾರೆ ಕಾರ್ಡನ್ನು ತುಂಡು ಮಾಡಿದ. ಕಾರಣ ಬರೆಯಿರಿ ಎಂದಾಗ, ‘ಈ ಹೆಂಗಸಿಗೂ ನನಗೂ ಯಾವ ಸಂಬಂಧವೂ ಇಲ್ಲ’ ಎಂದು ದುಂಡಗೆ ಬರೆದು, ಜೀವನದಲ್ಲಿ ಮೊದಲ ಸಲ ಪೂರ್ತಿ ಓದಿ ಸಹಿ ಹಾಕಿದ. ಮುದ್ರೆ ಬಿತ್ತು. ಸಂಸಾರ ಉಳಿಯಿತು. ಇಷ್ಟು ಜಾಣತನ ತನ್ನೊಳಗೆ ಇಷ್ಟು ದಿನ ಎಲ್ಲಿ ಅಡಗಿತ್ತೋ ಎಂದು ಅವನಿಗೇ ಅಚ್ಚರಿಯಾಯಿತು.

ಆಗ ಪಕ್ಕದ ಕೌಂಟರಿನವಳು ಒಂದು ಗುರುತಿನ ಚೀಟಿ ಎತ್ತಿ ಹಿಡಿದು ಕೂಗಿದಳು: “ನತ್ತನಿಚಾ ಅವರೇ! ಮನೆಗೆ ಕಾರ್ಡು ಬಂದಿಲ್ಲ ಅಂದ್ರಲ್ಲ, ಬನ್ನಿ!”

ಛಾಂಗ್ ಎದೆಯುಬ್ಬಿಸಿ ತಿರುಗಿದ. ಕೊನೆಗೂ ಆ ಮಾಯಾಂಗನೆಯ ಮುಖ ನೋಡಿಯೇ ಬಿಡುವ ಎಂದು.

“ಬಂದೆ, ಬಂದೆ,” ಎನ್ನುತ್ತ ಹಿಂದಿನ ಸಾಲಿನಿಂದ ಎದ್ದು ಬಂದವಳು ತುಕ್ತಾ.