ಒದ್ದೆ ಬಟ್ಟೆ

ನಮ್ಮ ಗಡಿ ಊರಿನಲ್ಲಿ ಕನ್ನಡ, ತೆಲುಗು ಎರಡೂ ಒಂದೇ ಮಾತಿನೊಳಗೆ ಬೆರೆತಿರುತ್ತವೆ. ನಾನು ಮನೆಗೆಲಸ ಮಾಡುವ ಮೇಡಂ ಸಂಶೋಧನೆ ಮಾಡುತ್ತಿರುವುದು ಅದರ ಮೇಲೆಯೇ. ಹೋದ ಭಾನುವಾರ ಅವರು ರೆಕಾರ್ಡ್ ಮಾಡಿಕೊಳ್ಳಲು ಫೋನು ಮುಂದಿಟ್ಟು, "ನಿಮ್ಮಮ್ಮ ಹೇಗೆ ಹೋದರು, ಹೇಳೇ. ನಿನಗೆ ಬಂದ ಹಾಗೇ ಹೇಳು," ಅಂದರು.

ಹೇಳಿದೆ. ಅಮ್ಮನ ಕೊನೆಯ ಮಾತನ್ನೂ ಹೇಳಿದೆ: "ಗೊಂತು ಎಂಡೋಯ್ತು, ನೀಳ್ಳು ಕೊಡೇ." ಗಂಟಲು ಒಣಗಿ ನೀರು ಕೇಳಿದಳು. ತರುವಷ್ಟರಲ್ಲಿ ಹೋಗಿಬಿಟ್ಟಿದ್ದಳು.

"ಎಷ್ಟು ಚಂದ!" ಅಂದರು ಮೇಡಂ. ವಾರವೆಲ್ಲ ಅದನ್ನೇ ಫೋನಿನಲ್ಲಿ ಮತ್ತೆ ಮತ್ತೆ ಹಾಕಿ ಕೇಳಿ ಬರೆದುಕೊಂಡರು.

ಇವತ್ತು ಆಟ ಮುಗಿಸಿ ಬಂದ ಅವರ ಪುಟ್ಟ ಮಗಳು ನನ್ನ ಸೆರಗು ಎಳೆದು, "ಗೊಂತು ಎಂಡೋಯ್ತು, ನೀಳ್ಳು ಕೊಡೇ," ಅಂದಳು.

ಮೇಡಂ ಮುಖ ಕಿವುಚಿದರು. ಮಣ್ಣು ತಿಂದ ಮಗುವಿಗೆ ಮಾಡುವ ಹಾಗೆ ಒದ್ದೆ ಬಟ್ಟೆಯಿಂದ ಅವಳ ಬಾಯಿ ಒರೆಸಿದರು.

"ಛೀ! ಇದೆಲ್ಲ ನಿನ್ನಿಂದಲೇ ಕಲಿತದ್ದು."

"ನಿಮ್ಮ ಫೋನಿಂದ, ಮೇಡಂ."

"ಎದುರು ಮಾತು ಬೇರೆ! ಸ್ಕೂಲಲ್ಲಿ ಹೀಗೆ ಮಾತಾಡಿದರೆ ನಮ್ಮನ್ನ ಏನಂದ್ಕೋತಾರೆ? ನಾಳೆಯಿಂದ ಕೆಲಸಕ್ಕೆ ಬರಬೇಡ."

ಪೊರಕೆ ಮೂಲೆಗಿಟ್ಟೆ. ಅಮ್ಮನ ಮಾತು ಒರೆಸಿದ ಬಟ್ಟೆ ಸಿಂಕಿನಲ್ಲಿ ಬಿದ್ದಿತ್ತು.

ಚಪ್ಪಲಿ ಮೆಟ್ಟುವಾಗ ಮೇಡಂ ಬಾಗಿಲಿಗೆ ಬಂದರು. ದನಿ ಮೆತ್ತಗಾಗಿತ್ತು.

"ಭಾನುವಾರ ಪಾಪು ಅಜ್ಜಿ ಮನೇಲಿರ್ತಾಳೆ, ಆಗ ಬಾ. ಅಮ್ಮ ಸತ್ತದ್ದು ಇನ್ನೊಂದು ಸಲ ಹೇಳಬೇಕು. ಹೋದ ಸಲ ಪಕ್ಕದ ಮನೆ ಮಿಕ್ಸಿ ಸದ್ದು ಸೇರಿಬಿಟ್ಟಿದೆ."