ನಕ್ಷೆಯೊಂದು ಬಿಟ್ಟು

"ಇಂಥ ಕಳ್ಳನನ್ನ ಈ ಊರು ಕಂಡೇ ಇಲ್ಲ!" ಎಂದು ಹೆಶ್ಮಿ ಪರದೆಯ ಮೇಲಿನ ಕೆಂಪು ಚುಕ್ಕಿಗೆ ಬೆರಳು ಚುಚ್ಚಿದ.

ಕಟ್ಟಡ ಸಂಖ್ಯೆ 4417. ಹಿಂಭಾಗವನ್ನು ಪರವಾನಗಿಯಿಲ್ಲದೆ ಎಬ್ಬಿಸಿದ್ದಾರೆ. ನೀರಿನ ಮೀಟರು ಕೆಟ್ಟು ಕೂತರೂ ಕೇಳಿದವರಿಲ್ಲ. ರಾತ್ರಿ ಅಲ್ಲಿ ನರಪಿಳ್ಳೆಯೂ ಇರುವುದಿಲ್ಲ. ಬೆಳಗಾದರೆ ಎಲ್ಲ ಎಸಿಗಳೂ ಒಟ್ಟಿಗೆ ಶುರು. ಬೇಸಿಗೆಯಲ್ಲಂತೂ ಮಧ್ಯಾಹ್ನಕ್ಕೇ ಜಾಗ ಖಾಲಿ. ಕಸದಲ್ಲಿ ಸಿಗುವುದು ಚಹಾ ಸೊಪ್ಪು, ಸಿಗರೇಟು ತುಂಡು, ಸೂರ್ಯಕಾಂತಿ ಬೀಜದ ಸಿಪ್ಪೆ.

"ಜೂಜಿನ ಅಡ್ಡೆ," ಎಂದರು ಪುರಸಭೆಯ ಅಧ್ಯಕ್ಷ ತಿಜಾನಿ. "ಮೈ ಬಗ್ಗಿಸದೆ ತಿನ್ನೋ ಸೋಮಾರಿಗಳು. ಮಂತ್ರಿಗಳ ಕಣ್ಣೆದುರೇ ಕೆಡವಿಸೋಣ."

ಹೆಶ್ಮಿಗೆ ಹೋದ ಜೀವ ಬಂದಂತಾಯಿತು. ಊರಿನ ಲೆಕ್ಕವೆಲ್ಲ ಒಂದೇ ಕಡೆ ಸಿಗುವ ದತ್ತಾಂಶ ವೇದಿಕೆ ಕಟ್ಟಲು ಅವನು ಒಂದು ವರ್ಷ ಹಲ್ಲುಗಿಂಜಿದ್ದ. ಪ್ರತಿ ವಿಭಾಗವೂ ತನ್ನ ಮಾಹಿತಿಯ ಮೇಲೆ ಕಾವು ಕೂತ ಕೋಳಿಯಂತೆ ಕೂತಿತ್ತು. ನೀರಿನವರಿಗೆ ಬಿಸಿಬಿಸಿ ಕರಿದ ಬ್ರೀಕ್ ತಿನ್ನಿಸಿದ, ವಿದ್ಯುತ್ತಿನವರ ಮಗಳ ಮದುವೆಯಲ್ಲಿ ಕುಣಿದ, ಕಸದವರಿಂದ ಲಾರಿಗಳ ಜಿಪಿಎಸ್ ಗಿಟ್ಟಿಸಿದ. ಉದ್ಘಾಟನೆಯ ದಿನ ಒಂದಾದರೂ ಬೇಟೆ ತೋರಿಸದಿದ್ದರೆ ಅವನನ್ನು ಕಸಾಯಿಖಾನೆಯ ಕಚೇರಿಗೆ ಎತ್ತಿಹಾಕುವುದು ಖಚಿತವಾಗಿತ್ತು. ರಕ್ತ ಕಂಡರೆ ತಲೆ ತಿರುಗಿ ಬೀಳುವ ಆಸಾಮಿ ಅವನು.

ಕೊಡದೆ ಉಳಿದವಳು ನಕ್ಷೆ ವಿಭಾಗದ ದಲೆಂದಾ ಒಬ್ಬಳೇ.

"ನಕ್ಷೆನೂ ಕೊಟ್ಬಿಟ್ರೆ ನನ್ನನ್ನ ಯಾರು ಮೂಸಿ ನೋಡ್ತಾರೆ, ಹೆಶ್ಮಿ ಸಾಹೇಬ್ರೇ?"

"ಇಟ್ಕೋ ತಾಯಿ, ತಲೆದಿಂಬಿಗೆ ತುಂಬ್ಕೋ. ನಿನ್ನ ನಕ್ಷೆ ಇಲ್ದೇನೂ ನಮ್ಮ ಯಂತ್ರ ದಾರಿ ಕಂಡ್ಕೊಳ್ಳುತ್ತೆ."

ಹಾಗಾಗಿ ಬೀದಿಯಿಲ್ಲ, ಹೆಸರಿಲ್ಲ, ಬಿಳಿ ಪರದೆಯ ಮೇಲೆ ಬರೀ ಚುಕ್ಕಿಗಳು. ಹಾದುಹೋಗುತ್ತಿದ್ದ ದಲೆಂದಾ 4417ರತ್ತ ನೋಡಿ ಒಂದು ಕ್ಷಣ ನಿಂತಳು. ತುಟಿ ಕಚ್ಚಿ ಹಿಡಿದಳು.

"ಕೆಡವಿ, ಕೆಡವಿ. ಎಂದೋ ಆಗ್ಬೇಕಿದ್ದ ಕೆಲಸ."

"ಹೊಟ್ಟೆಕಿಚ್ಚು," ಎಂದ ಹೆಶ್ಮಿ.

ಗುರುವಾರ ಉದ್ಘಾಟನೆಗೆ ಮಂತ್ರಿಗಳು ಬಂದರು. ಸಭಾಂಗಣ ತುಂಬಿತು. ಬುಲ್ಡೋಜರ್ ಗಾಬೆಸ್ ಪಟ್ಟಣದಿಂದ ಹೊರಟಿತ್ತು. ಸ್ಥಳೀಯ ಚಾಲಕನಾದರೆ ಅಡ್ಡೆಯವರಿಗೆ ಸುಳಿವು ಕೊಟ್ಟಾನೆಂದು ತಿಜಾನಿ ಹೊರಗಿನವನನ್ನೇ ಕರೆಸಿದ್ದರು. ದಲೆಂದಾ ಕಿಟಕಿಯಲ್ಲಿದ್ದ ತನ್ನ ಮಲ್ಲಿಗೆ ಕುಂಡವನ್ನು ಕಂಕುಳಲ್ಲಿ ಇರುಕಿಕೊಂಡು ಎದ್ದುಹೋದಳು. ಮಂತ್ರಿಗಳೆದುರು ಕೂರುವ ಸೌಜನ್ಯವೂ ಇಲ್ಲವಲ್ಲ ಎಂದು ಹೆಶ್ಮಿ ಒಳಗೇ ಶಪಿಸಿದ.

ಪರದೆಯಲ್ಲಿ ಬುಲ್ಡೋಜರಿನ ಹಸಿರು ಚುಕ್ಕಿ ಕೆಂಪು ಚುಕ್ಕಿಯತ್ತ ತೆವಳತೊಡಗಿತು. ಮಂತ್ರಿಗಳು ಮೀಸೆ ನೇವರಿಸಿದರು. ಅಷ್ಟರಲ್ಲಿ ಹೆಶ್ಮಿಯ ಫೋನು ಬಡಿದುಕೊಂಡಿತು. ಚಾಲಕ.

"ಯಜಮಾನ್ರೇ, ಜಿಪಿಎಸ್ ಹೇಳಿದ ಜಾಗದ ಹಿಂದಿನ ಗೇಟಿಗೆ ಬಂದಿದೀನಿ. ಕಾವಲುಗಾರ ಅಡ್ಡ ನಿಂತವ್ನೆ. ಇದು ಯಾರ ಕಟ್ಟಡ ಗೊತ್ತಾ ಅಂತ ನನಗೇ ದಬಾಯಿಸ್ತಾನೆ!"

ಹೆಶ್ಮಿ ಎಲ್ಲರಿಗೂ ಕೇಳುವಂತೆ ನಕ್ಕ. "ಕಳ್ಳರೆಲ್ಲ ಅನ್ನೋದೇ ಹಾಗೆ. ಅಧ್ಯಕ್ಷರ ಸಹಿ ತೋರ್ಸು."

"ತೋರಿಸ್ದೆ. ಸಹಿ ನೋಡಿ ತಲೆ ಮೇಲೆ ಕೈ ಹೊತ್ಕೊಂಡು ಓಡ್ದ."

"ಮತ್ತೇನ್ ನೋಡ್ತೀಯ? ಹಿಂಭಾಗದಿಂದ ಶುರು ಮಾಡು."

"ಭೇಷ್!" ಎಂದು ಮಂತ್ರಿಗಳು ಚಪ್ಪಾಳೆ ತಟ್ಟಿದರು, ಸಭೆಯೂ ತಟ್ಟಿತು. ತಿಜಾನಿಯವರ ಎದೆ ಉಬ್ಬಿತು. ಹೆಶ್ಮಿಗೆ ಕಣ್ಣು ತೇವವಾಯಿತು. ಇನ್ನು ಕಸಾಯಿಖಾನೆಯ ಮಾತಿಲ್ಲ. ಮೇಜಿನ ಮೇಲಿನ ಚಹಾ ಲೋಟಗಳು ಕಿಣಿಕಿಣಿ ಎಂದವು. ಚಪ್ಪಾಳೆಯ ಜೋರಿಗಿರಬೇಕು ಎಂದುಕೊಂಡ. ಪರದೆಯಲ್ಲಿ ಎರಡು ಚುಕ್ಕಿಗಳೂ ಒಂದಾದವು.

ಪುರಸಭೆಯ ಸಭಾಂಗಣದ ಹಿಂಗೋಡೆ ಸೀಳಿ ಬುಲ್ಡೋಜರಿನ ಮೂತಿ ಒಳಗಿಣುಕಿತು; ಆ ಕಂಡಿಯಾಚೆ, ಬೀದಿಯ ಎದುರು ಬದಿಯಲ್ಲಿ, ಮಲ್ಲಿಗೆ ಕುಂಡ ಹಿಡಿದು ನಿಂತಿದ್ದ ದಲೆಂದಾ ಹೆಶ್ಮಿಗೆ ಕೈ ಬೀಸಿದಳು.