ಸದ್ದಿಲ್ಲದ ತೊಟ್ಟಿ

ವಾಲ್ವನ್ನು ಮತ್ತೆ ಯಾರೋ ತಿರುಗಿಸಿದ್ದರು.

ಹಲ್ಲಿನ ಡಾಕ್ಟರು ಮಂಡಿಯೂರಿ ಮೀನಿನ ತೊಟ್ಟಿಯ ಕೆಳಗಿನ ಕಪಾಟು ತೆರೆದರು. ಬೆಳಿಗ್ಗೆ ಬಂದೊಡನೆ ತಾವೇ ಸರಿಮಾಡಿ, ವಾಲ್ವಿನ ಹಿಡಿಯ ನೇರಕ್ಕೆ ಕೊಳವೆಯ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು. ಈಗ ಹಿಡಿ ಗೆರೆಯಿಂದ ಒಂದು ಬೆರಳು ಆಚೆ ಸರಿದಿತ್ತು. ಕೊಳವೆ ಗಾಳಿ ಎಳೆದುಕೊಂಡು, ಬಾಯಿ ಮುಕ್ಕಳಿಸುವವರ ಹಾಗೆ ಗುಳುಗುಳು ಅನ್ನುತ್ತಿತ್ತು.

"ಯಾರಕ್ಕಾ ಇದನ್ನ ಮುಟ್ಟಿದ್ದು?"

"ನೀರು ಅಂದ್ಮೇಲೆ ಸದ್ದು ಮಾಡದೆ ಇರುತ್ತಾ?" ಮುಂದಿನ ಮೇಜಿನ ಹಿಂದೆ ಕುಳಿತಿದ್ದ ಅಕ್ಕ ತಲೆಯೆತ್ತದೆ ಹೇಳಿದಳು. ಕ್ಲಿನಿಕ್ಕು ತೆರೆದ ದಿನದಿಂದ ಆ ಮೇಜು ಅವಳದೇ.

ರಸ್ತೆಯಾಚೆ ಹೊಸ ದಂತ ಚಿಕಿತ್ಸಾಲಯ ಶುರುವಾದಾಗಿನಿಂದ ಡಾಕ್ಟರ ನಿದ್ದೆ ಹಾರಿಹೋಗಿತ್ತು. ಅಲ್ಲಿ ಸೂಜಿ ಬಿದ್ದರೂ ಕೇಳುತ್ತದಂತೆ. ಇಲ್ಲೋ, ಪ್ಲೈವುಡ್ಡಿನ ಗೋಡೆಯ ಈಚೆಗೆ ಅಕ್ಕನ ರೇಡಿಯೊ, ತಲೆಯ ಮೇಲೆ ಕಟಕಟ ಅನ್ನುವ ಫ್ಯಾನು. ಹೀಗೇ ಆದರೆ ಇದ್ದಬದ್ದ ರೋಗಿಗಳೂ ಆಚೆ ದಾಟುತ್ತಾರೆ ಎಂದು ರೇಡಿಯೊ ನಿಲ್ಲಿಸಿದರು. ಫ್ಯಾನು ಬದಲಿಸಿದರು. "ಚೆನ್ನಾಗಿ ತಿರುಗೋ ಫ್ಯಾನು ಕಣೋ!" ಎಂದು ಅಕ್ಕ ಅಡ್ಡ ನಿಂತದ್ದೂ ನಡೆಯಲಿಲ್ಲ. ಕಾಯುವವರ ಮನಸ್ಸಿಗೆ ತಂಪಾಗಲೆಂದು ಕಡೆಗೆ ಮೀನಿನ ತೊಟ್ಟಿ ತಂದರು.

ಗಾಜಿನೊಳಗೆ ನೇತಾಡುವ ಫಿಲ್ಟರು ಅವರ ಕಣ್ಣಿಗೆ ಹಿಡಿಸಲಿಲ್ಲ. ಅದರ ಬದಲು ತೊಟ್ಟಿಯ ಕೆಳಗೆ ಸಂಪ್ ಕೂರಿಸುವುದೆಂದಾಯಿತು. ಮೇಲೆ ತುಂಬಿ ಹೆಚ್ಚಾದ ನೀರು ಕೊಳವೆಯಲ್ಲಿಳಿದು ಕಪಾಟಿನೊಳಗಿನ ಇನ್ನೊಂದು ಗಾಜಿನ ಪೆಟ್ಟಿಗೆ ಸೇರಬೇಕು. ಅಲ್ಲಿ ಸ್ಪಂಜು, ಪಿಂಗಾಣಿಯ ಉಂಗುರಗಳ ನಡುವೆ ಸೋಸಿಕೊಂಡ ನೀರನ್ನು ಪಂಪು ಮತ್ತೆ ಮೇಲಕ್ಕೆ ಕಳಿಸಬೇಕು. ಕರೆಂಟು ಹೋದಾಗ ಕೆಳಗಿಳಿಯುವ ನೀರಿಗೆಂದು ಪೆಟ್ಟಿಗೆಯಲ್ಲಿ ಜಾಗವನ್ನೂ ಬಿಟ್ಟು, ರಜೆಯ ದಿನ ಡಾಕ್ಟರೇ ಎಲ್ಲ ಜೋಡಿಸಿದರು. ಅಕ್ಕ ಟಾರ್ಚು ಹಿಡಿದಳು.

"ಅಯ್ಯಯ್ಯೋ, ಹೋಯ್ತು!" ಕಪಾಟಿನೊಳಗಿಂದ ತಮ್ಮನ ದನಿ. "ಛೆ, ಸೊಟ್ಟ ಕೂತ್ಬಿಡ್ತು... ಇರ್ಲಿ, ಯಾರಿಗೆ ಗೊತ್ತಾಗುತ್ತೆ."

ಅಕ್ಕ ಬಗ್ಗಿ ನೋಡಿದಳು. ಕೊಳವೆ ನೆಟ್ಟಗೇ ಇತ್ತು.

"ಸ್ವಲ್ಪ ಮೆತ್ತಗೆ ಕಣೋ. ಮೀನು ಹೆದರ್ಕೊಂಡಾವು."

"ಯಾಕೆ, ನಾನೇನಂದೆ?"

"ಏನಿಲ್ಲ ಬಿಡು."

ತಮ್ಮನ ತಪ್ಪನ್ನು ಎತ್ತಿ ಆಡುವವಳಲ್ಲ ಅವಳು. ಶಾಲೆಯಲ್ಲಿ ಮೇಷ್ಟ್ರು ಗದರಿದರೆ ಸಾಕು, ಆಮೇಲೆ ಎಷ್ಟೋ ದಿನ ಅವನ ಕೈ ನಡುಗುತ್ತಿದ್ದುದನ್ನು ಕಂಡಿದ್ದಳು.

ನೀರು ಹರಿದಾಗ ಗುಳುಗುಳು ಸದ್ದು ಕೋಣೆಯನ್ನೆಲ್ಲ ತುಂಬಿತು. ಅಕ್ಕನ ಮುಖ ಅರಳಿತು. "ಆಹಾ, ಹೀಗೇ ಇರ್ಲಿ ಕಣೋ!"

ಡಾಕ್ಟರು ವಾಲ್ವನ್ನು ಕೂದಲೆಳೆಯಷ್ಟೇ ತಿರುಗಿಸುತ್ತಾ ಬಂದರು. ಕೊಳವೆಯ ತುಂಬ ನೀರು ನಿಂತಿತು, ಗಾಳಿಗೆ ಎಡೆಯಿಲ್ಲದಾಯಿತು. ಸದ್ದು ಅಡಗಿತು. ಅಕ್ಕನ ಮುಖ ಬಾಡಿತು.

ಮಾರನೆಯ ದಿನದಿಂದಲೇ ಈ ಕಾಟ ಶುರುವಾದದ್ದು. ಅಕ್ಕನಿಗೆ ಅರಳುಮರುಳೇ? ಇಲ್ಲಾ, ರೇಡಿಯೊ ನಿಲ್ಲಿಸಿದ್ದಕ್ಕೆ ಸೇಡೇ?

ಇವತ್ತು ಕಣ್ಣಾರೆ ನೋಡಬೇಕೆಂದು ಡಾಕ್ಟರು ವಾಲ್ವಿನ ಹಿಡಿಯನ್ನು ಗೆರೆಗೆ ತಂದು ಒಳಗೆ ಹೋದರು. ರೋಗಿಯನ್ನು ಕುರ್ಚಿಗೆ ಒರಗಿಸಿ, ಎಂದಿನಂತೆ ಅವನ ಕಿವಿಗೆ ಎರಡು ಹತ್ತಿಯುಂಡೆ ಇಟ್ಟರು. ಕೊರೆಯುವ ಯಂತ್ರದ ಸದ್ದಿಗೇ ಅರ್ಧ ಜನ ಹೆದರುತ್ತಾರೆ, ಪಾಪ. ತಮ್ಮ ಕಿವಿಗೂ ಎರಡು ತುರುಕಿಕೊಂಡರು. ಆಮೇಲೆ ಬಾಗಿಲ ಸಂದಿಯಲ್ಲಿ ಇಣುಕಿದರು.

ಅಕ್ಕ ನೋಯುವ ಮಂಡಿಯನ್ನು ಹಿಡಿದುಕೊಂಡು ಕಪಾಟಿನ ಮುಂದೆ ಕೂತಳು. ವಾಲ್ವು ತಿರುಗಿಸಿದಳು. ಎದ್ದು, ಕೆನ್ನೆ ಊದಿಸಿಕೊಂಡು ಬಿಮ್ಮನೆ ಕೂತಿದ್ದ ಹೆಂಗಸಿಗೆ ನೀರು ಕೊಟ್ಟು ಬೆನ್ನು ಸವರಿದಳು.

ಕ್ಲಿನಿಕ್ಕು ಖಾಲಿಯಾದ ಮೇಲೆ ಡಾಕ್ಟರು ಸಿಡಿದರು. "ನನ್ನ ಕ್ಲಿನಿಕ್ಕಿಗೆ ಬೀಗ ಹಾಕಿಸ್ಬೇಕು ಅಂತಿದ್ದೀಯೇನಕ್ಕಾ?"

"ಹಾಕ್ಬಾರ್ದು ಅಂತ್ಲೇ ಕಣೋ."

"ಹಾಗಿದ್ರೆ ಆ ಸದ್ದು ಯಾಕೆ?"

ಅಕ್ಕ ತಮ್ಮನ ಕೈಗಳನ್ನು ನೋಡಿದಳು. "ನಂಗೆ ಇಷ್ಟ, ಅಷ್ಟೆ."

"ಸರಿ. ನಾಳೆಯಿಂದ ಮನೇಲಿ ಆರಾಮಾಗಿರು. ಇಲ್ಲಿಗೆ ಬರ್ಬೇಡ."

ಅವಳು ಮೇಜು ಒರೆಸಿ, ಮೀನಿಗೆ ಕಾಳು ಹಾಕಿ, ಚೀಲ ಎತ್ತಿಕೊಂಡಳು. ಹೊಸ್ತಿಲಲ್ಲಿ ಮಾತ್ರ ತಿರುಗಿ ನಿಂತಳು.

"ಆ ಹಳೇ ಫ್ಯಾನು ಎಸೆದಿಲ್ಲ ತಾನೇ?"

ಮರುದಿನ ಹಿಡಿ ಗೆರೆಯನ್ನು ಬಿಟ್ಟು ಕದಲಲಿಲ್ಲ. ಕುರ್ಚಿಗಳೆಲ್ಲ ತುಂಬಿದ್ದವು. ಯಾರೋ ಪುಟ ತಿರುವಿದ್ದು ಬಾಗಿಲವರೆಗೂ ಕೇಳಿತು. ಡಾಕ್ಟರ ಎದೆ ಉಬ್ಬಿತು. ಎದುರಿನವರು ಬಂದು ನೋಡಲಿ!

ಮೊದಲನೆಯದೇ ಹಟಮಾರಿ ದವಡೆ ಹಲ್ಲು. ರೋಗಿಯ ಕಿವಿಗೆ ಹತ್ತಿ, ತಮ್ಮ ಕಿವಿಗೆ ಹತ್ತಿ. ಮೈಮರೆತು ಕೆಲಸ ಮಾಡಿದರು. ಕೈ ಒಂದಿಷ್ಟೂ ಅಲುಗಲಿಲ್ಲ. ಬೇರಿನ ತುದಿಯೂ ಮುಕ್ಕಾಗದೆ ಹಲ್ಲು ಹೂವೆತ್ತಿದಂತೆ ಬಂತು. ಇಷ್ಟು ಚೆನ್ನಾಗಿ ಯಾವತ್ತೂ ಕಿತ್ತಿರಲಿಲ್ಲ.

ಕಿವಿಯ ಹತ್ತಿ ತೆಗೆಯುತ್ತಾ, ಮುಂದಿನವರನ್ನು ಕರೆಯಲು ನಗುನಗುತ್ತಾ ಹೊರಬಂದರು.

ಕುರ್ಚಿಗಳೆಲ್ಲ ಖಾಲಿ. ಮೀನುಗಳು ಸದ್ದಿಲ್ಲದೆ ಈಜುತ್ತಿದ್ದವು. ಬಾಗಿಲ ಬಳಿ ಮುದುಕರೊಬ್ಬರು ಚಪ್ಪಲಿ ಹುಡುಕುತ್ತಿದ್ದರು.

"ಎಲ್ಲಿ, ಎಲ್ರೂ?"

ಮುದುಕರು ಗದ್ದದಿಂದಲೇ ರಸ್ತೆಯಾಚೆಗೆ ತೋರಿಸಿದರು. ಆಮೇಲೆ, ಒಳಗಿದ್ದವರಿಗೆ ಕೇಳಬಾರದೆಂಬಂತೆ ದನಿ ತಗ್ಗಿಸಿದರು.

"ಅಲ್ಲ ಡಾಕ್ಟ್ರೇ, ಆಗಿಂದ ಒಳಗೆ 'ಅಯ್ಯಯ್ಯೋ, ಹೋಯ್ತು... ಇರ್ಲಿ, ಯಾರಿಗೆ ಗೊತ್ತಾಗುತ್ತೆ' ಅಂತ ಕೂಗ್ತಿದ್ರಲ್ಲ, ಅದ್ಯಾರು?"